ಸರ್ವಾಂತರ್ಯಾಮಿ ಚಾರ್ಜರ್

ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವನಿಗೆ ಊರಲ್ಲಿರುವವರೆಲ್ಲ ಡಾಕ್ಟರುಗಳೇ. ನನ್ನದಕ್ಕೆ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ, ಪಿನ್ ಕಳಚಿದರೆ ಆ ಕ್ಷಣವೇ ಕತ್ತಲು. ಅದರ ಕಂಪನಿ ಚಾರ್ಜರ್ ಸುಟ್ಟುಹೋಗಿದ್ದು ಸರಿಯಾಗಿ ನಮ್ಮ ಹೆಡ್‌ಮಾಸ್ಟರರ ನಿವೃತ್ತಿಯ ಸ್ಮರಣ ಸಂಚಿಕೆ ಅರ್ಧ ಆಗಿದ್ದಾಗ. ಸಂಪಾದಕ ನಾನು. ಭಾನುವಾರ ಬಿಡುಗಡೆ. ಶುಕ್ರವಾರ ಪ್ರೆಸ್ಸಿಗೆ ಕೊಡದಿದ್ದರೆ ತರೀಕೆರೆಯಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

೧. ಎಲ್ಲಕ್ಕೂ ಆಗುತ್ತೆ

ಲ್ಯಾಪ್‌ಟಾಪ್ ಹೊತ್ತು ಕಡೂರಿನ ಕಂಪ್ಯೂಟರ್ ಅಂಗಡಿಗೆ ಹೋದೆ. "ಕಂಪನಿ ಚಾರ್ಜರ್ ಇದೆಯಾ?"

"ಕಂಪನೀದು ಯಾಕ್ ಸಾರ್? ಇದು ಯೂನಿವರ್ಸಲ್, ಎಲ್ಲಕ್ಕೂ ಆಗುತ್ತೆ," ಅಂತ ಅಂಗಡಿಯವನು ಒಂದು ಡಬ್ಬಿ ತೆಗೆದ. ಜೊತೆಗೆ ಒಂದು ಹಿಡಿ ಪಿನ್ನುಗಳು.

"ಎಷ್ಟು ವೋಲ್ಟು?"

"ಮನೇಲಿ ಎಷ್ಟ್ ಬರುತ್ತೋ ಅಷ್ಟು."

ಇಂಥ ಪಂಡಿತನ ಹತ್ತಿರ ಮಾತಾಡುವುದೇ ದಂಡ. ಪಿನ್ನುಗಳನ್ನು ಒಂದೊಂದಾಗಿ ಹಾಕಿ ನೋಡಿದ, ಒಂದೂ ಕೂರಲಿಲ್ಲ. ಕೊನೆಗೆ ಒಂದಕ್ಕೆ ದಾರ ಸುತ್ತಿ ತುರುಕಿ, ನನ್ನನ್ನೇ ಗದರಿಸಿದ: "ನಮ್ ಪಿನ್ ಸರಿಯಾಗೇ ಐತೆ ಸಾರ್. ನಿಮ್ ಲ್ಯಾಪ್‌ಟಾಪಿಂದು ತೂತೇ ಸರಿಯಿಲ್ಲ."

೨. ಮಣೆಯ ಮೇಲೆ ಸಂಪಾದಕ

ಮನೆಗೆ ತಂದು ಹಾಕಿದರೆ ಪರದೆಯ ಮೇಲಿನ ಬಾಣ ಮೈಮೇಲೆ ದೇವರು ಬಂದವರಂತೆ ಕುಣಿಯತೊಡಗಿತು. ಕೈಯಿಟ್ಟರೆ ಜುಮ್ಮೆನ್ನುತ್ತಿತ್ತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಫೋನ್ ಮಾಡಿದೆ.

"ಅರ್ಥಿಂಗ್ ಇಲ್ಲ ಕಣ್ರೀ. ಚಪ್ಪಲಿ ಹಾಕ್ಕೊಂಡು ಟೈಪ್ ಮಾಡಿ," ಅಂದರು. ಮಕ್ಕಳಿಗೆ ಇವರು ಏನು ಕಲಿಸುತ್ತಾರೋ ಶಿವನೇ ಬಲ್ಲ!

ಚಪ್ಪಲಿ ಹಾಕಿಕೊಂಡು ಬಂದೆ. "ಮನೆಯೊಳಗೆ ಚಪ್ಪಲೀನಾ? ದೇವ್ರು ದಿಂಡ್ರು ಅನ್ನೋದು ಬೇಡ್ವಾ?" ಅಂತ ಹೆಂಡತಿ ಅಡ್ಡ ನಿಂತಳು. ಕೊನೆಗೆ ನೆಲ ತಾಗದ ಹಾಗೆ ಊಟದ ಮಣೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತೆ. ಲ್ಯಾಪ್‌ಟಾಪಿಗೆ ಇನ್ನೊಂದು ಮಣೆ. ಹಣೆಯಲ್ಲಿ ಬೆಳಗಿನ ವಿಭೂತಿ ಹಾಗೇ ಇತ್ತು. ಪಕ್ಕದ ಮನೆ ಅಜ್ಜಿ ಬಾಗಿಲಲ್ಲಿ ಇಣುಕಿ ಕೈಮುಗಿದಳು: "ಏನ್ ಪೂಜೆನಪ್ಪಾ ಇದು? ಪ್ರಸಾದಕ್ಕೆ ಎಷ್ಟೊತ್ತಿಗೆ ಬರ್ಲಿ?"

೩. ಅಲುಗಾಡಿಸಬೇಡಿ

ಶುಕ್ರವಾರ ತರೀಕೆರೆಯಲ್ಲಿ ದಿನವಿಡೀ ಕರೆಂಟ್ ಇಲ್ಲವೆಂದು ಗೊತ್ತಾಯಿತು. ರಜೆ ಹಾಕಿ, ಹೆಂಡತಿಯ ಜೊತೆ ಲ್ಯಾಪ್‌ಟಾಪನ್ನೂ ಹೊತ್ತು ಅಜ್ಜಂಪುರದ ಅತ್ತೆಮನೆಗೆ ಬಂದೆ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಪುಟ ಮುಗಿಯಿತು. ಪ್ರೆಸ್ ಇರುವುದು ಕಡೂರಿನಲ್ಲಿ. ಬೇರೆ ಕಂಪ್ಯೂಟರಿಗೆ ಹಾಕಿದರೆ ನನ್ನ ಒತ್ತಕ್ಷರಗಳೆಲ್ಲ ಉದುರಿಹೋಗುತ್ತವೆ, ಹಾಗಾಗಿ ಲ್ಯಾಪ್‌ಟಾಪನ್ನೇ ತನ್ನಿ ಅಂದಿದ್ದ ಪ್ರೆಸ್ಸಿನವನು. ಚಾರ್ಜರ್ ಕೀಳಲು ಬಗ್ಗಿದೆ. ಅದರ ಮೇಲೆ ಮುಚ್ಚಳ ಹಾಕಿದ ಒಂದು ಪಾತ್ರೆ ಕೂತಿತ್ತು.

"ಅತ್ತೆ, ಏನಿದು?"

"ಹಾಲಿಗೆ ಹೆಪ್ಪಾಕಿದೀನಿ ಅಳಿಯಂದ್ರೇ. ಈ ಥಂಡಿಗೆ ಮೊಸರೇ ಆಗ್ತಿರ್ಲಿಲ್ಲ. ನಿಮ್ ಡಬ್ಬಿ ಒಳ್ಳೇ ಹದವಾಗಿ ಬೆಚ್ಚಗೈತೆ."

"ತೆಗೀರಿ ಅತ್ತೆ, ಬಸ್ಸಿಗೆ ಹೊತ್ತಾಯ್ತು."

"ಅಯ್ಯೋ, ಮುಟ್ಬೇಡಿ! ಹೆಪ್ಪಾಕಿದ್ದು ಅಲುಗಾಡಿದ್ರೆ ನೀರೊಡೆಯುತ್ತೆ. ಲ್ಯಾಪ್‌ಟಾಪೂ ಆರಿಸ್ಬೇಡಿ, ಡಬ್ಬಿ ತಣ್ಣಗಾಗುತ್ತೆ."

ಹೆಂಡತಿಯ ಮುಖ ನೋಡಿದೆ. "ಬಸ್ ಹೋದ್ರೆ ಇನ್ನೊಂದ್ ಬರುತ್ತೆ ಕಣ್ರೀ. ಹಾಲು ಕೆಟ್ರೆ ಬರುತ್ತಾ?" ಅಂದಳು. ಓದಿದವಳು!

ಮೊಸರಿಗಾಗಿ ಲ್ಯಾಪ್‌ಟಾಪ್ ಕಾಯುತ್ತ ಕೂತೆ. ಕೊನೆಯ ಬಸ್ಸೂ ಹೋಯಿತು. ಅಂಗಲಾಚಿ ಫೋನ್ ಮಾಡಿದ ಮೇಲೆ ಪ್ರೆಸ್ಸಿನವನೇ ಬೈಕಿನಲ್ಲಿ ಬಂದ. ಬಂದವನೇ ಉರಿದುಬಿದ್ದ: "ಏನ್ ಸಾರ್ ನೀವು! ಈಗ್ ಕೊಟ್ರೆ ಭಾನುವಾರಕ್ಕೆ ಖಂಡಿತ ಆಗಲ್ಲ."

ಅತ್ತೆ ಮಾತ್ರ ಏನೂ ಆಗದವರಂತೆ ಅವನಿಗೊಂದು ತಟ್ಟೆ ಹಾಕಿ, ಅವನೆದುರೇ ಚಾರ್ಜರ್ ಮೇಲಿದ್ದ ಪಾತ್ರೆ ಎತ್ತಿ ತಂದು ಅನ್ನದ ಮೇಲೆ ಆ ಮೊಸರು ಬಡಿಸಿದರು. ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ. ಅವನು ಎರಡು ಸಲ ಹಾಕಿಸಿಕೊಂಡು ಉಂಡು, ಕೈತೊಳೆದು, ಚಾರ್ಜರನ್ನೇ ನೋಡುತ್ತ ನಿಂತ.

"ಪುಸ್ತಕ ಮಾಡ್ಕೊಡ್ತೀನಿ ಸಾರ್. ಆದ್ರೆ ಈ ಚಾರ್ಜರ್ ನಂಗ್ ಕೊಡ್ಬೇಕು."

ನಾನು ಆಯ್ತು ಅನ್ನುವಷ್ಟರಲ್ಲಿ ಅತ್ತೆ ಅಡ್ಡ ಬಂದರು.

"ಬೇಕಾದ್ರೆ ಅಳಿಯಂದ್ರನ್ನ ಕರ್ಕೊಂಡ್ ಹೋಗಪ್ಪಾ. ಚಾರ್ಜರ್ ಮಾತ್ರ ಕೊಡಕ್ಕಿಲ್ಲ."