ಜೇಬಿನೊಳಗಿನ ಬ್ರೇಕು

ಹಲ್ಲುಜ್ಜುತ್ತಾ ನಿಂತಿದ್ದ ಕಾರಣ್ಣನ ಕೈ ಬಾಯಲ್ಲೇ ನಿಂತುಹೋದದ್ದು ಹೆಂಡತಿ ಹೇಳಿದ ಒಂದು ಮಾತಿಗೆ.

"ರೀ, ಅಪ್ಪ ಫೋನ್ ಮಾಡಿದ್ರು. ಸಂಜೆ ರೈಲಿಗೆ ಬರ್ತಿದಾರಂತೆ. ಸ್ಟೇಷನ್ನಿಗೆ ಕಾರು ತಗೊಂಡು ಬರೋಕೆ ಅಳಿಯಂದ್ರಿಗೆ ಹೇಳು ಅಂದ್ರು."

"ಕಾ... ಕಾರಾ?"

"ಮತ್ತೇನು, ಹೆಗಲ ಮೇಲೆ ಹೊತ್ಕೊಂಡು ಬರ್ತೀರಾ?"

ಕಾರಣ್ಣ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಇಡೀ ಬೀದಿಗೆ ಇದ್ದ ಹಳೇ ಕಾಲದ ಕಾರು ಅದೊಂದೇ. ಅವನಪ್ಪ ಬಿಟ್ಟುಹೋದದ್ದು. ದುಂಡು ಮೂತಿ, ದಪ್ಪ ಬಾಗಿಲು, ಮುಂದುಗಡೆ ಈ ತುದಿಯಿಂದ ಆ ತುದಿಯವರೆಗೂ ಸೋಫಾದ ಥರ ಒಂದೇ ಸೀಟು. ಪ್ರತಿ ಭಾನುವಾರ ಕಾರಣ್ಣ ಅದನ್ನು ಕೂಸಿಗೆ ಮೈ ಒರೆಸಿದ ಹಾಗೆ ಒರೆಸುತ್ತಿದ್ದ. ಆದರೆ ಅದು ಗೇಟು ದಾಟಿದ್ದನ್ನು ಕಂಡವರಿಲ್ಲ. ಯಾಕೆ ಅಂದರೆ, ಇದು ನಮ್ಮ ನಮ್ಮಲ್ಲೇ ಇರಲಿ, ಕಾರಣ್ಣನಿಗೆ ಕಾರು ಓಡಿಸೋದು ಅಂದರೆ ಜೀವ ಹೋಗುವಷ್ಟು ಭಯ. ಲೈಸೆನ್ಸ್ ಏನೋ ಇತ್ತು, ಅದನ್ನು ಹೇಗೆ ಕೊಟ್ಟರೋ ಕೊಟ್ಟವರಿಗೇ ಗೊತ್ತು. ಸ್ಟೇರಿಂಗ್ ಹಿಂದೆ ಕೂತರೆ ಸಾಕು, ಅವನ ಮಂಡಿಗಳೆರಡೂ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಕೆಳಗೆ ಪೆಡಲ್ಲು ಮೂರು, ಮನುಷ್ಯನಿಗೆ ಕಾಲು ಎರಡು, ಈ ಲೆಕ್ಕ ಯಾವತ್ತೂ ತಾಳೆಯಾಗೋದಿಲ್ಲ ಅನ್ನೋದು ಅವನ ವಾದ. ವಾದ ಮಾಡಿದ್ದೂ ತನ್ನ ಜೊತೆಗೇ, ಬೇರೆಯವರ ಹತ್ತಿರ ಬಾಯಿ ಬಿಟ್ಟಿರಲಿಲ್ಲ, ಹೆಂಡತಿಯ ಹತ್ತಿರವೂ.

ಗುಟ್ಟು ಉಳಿಸಿಕೊಳ್ಳಲು ಅವನು ಕಂಡುಕೊಂಡಿದ್ದ ಉಪಾಯ ಸುಲಭದ್ದು. ಯಾರಾದರೂ ಕಾರು ಕೇಳಿದರೆ ಏನಾದರೊಂದನ್ನು ಬಿಚ್ಚಿ ಬಚ್ಚಿಡುವುದು. ಮೂಲೆಮನೆ ಅಜ್ಜಿ ಕಣ್ಣಿನಾಸ್ಪತ್ರೆಗೆ ಕರ್ಕೊಂಡು ಹೋಗಪ್ಪ ಅಂದಾಗ ಹಾರನ್ ಬಿಚ್ಚಿದ್ದ. ಎದುರುಮನೆ ಫಿಟ್ಟರ್ ಮಗಳ ಮದುವೆಗೆ ಕೇಳಿದಾಗ ಹ್ಯಾಂಡ್‌ಬ್ರೇಕಿನ ಕೇಬಲ್ ಎಳೆದಿಟ್ಟಿದ್ದ. "ಹಳೇ ಗಾಡಿ ನೋಡಿ, ಪೆಡಲ್ಲು ಬೇರೆ ಗಟ್ಟಿ, ಪಾರ್ಟ್ ಸಿಗ್ತಿಲ್ಲ" ಅಂದರೆ ಯಾರು ತಾನೇ ಏನಂದಾರು?

ಆದರೆ ಮಾವನ ವಿಷಯ ಹಾಗಲ್ಲ. ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಹೆಣ್ಣು ನೋಡಲು ಹೋದಾಗ ಕಾರಣ್ಣನ ಅಪ್ಪ, "ನಮ್ಮ ಹುಡುಗ ಕಾರು ಓಡಿಸಿದ್ರೆ ಕೂತೋರ ಹೊಟ್ಟೇಲಿರೋ ನೀರು ಅಲ್ಲಾಡಲ್ಲ" ಅಂದುಬಿಟ್ಟಿದ್ದರು. ಅದೊಂದು ಮಾತಿಗೆ ಹೆಣ್ಣು ಕೊಟ್ಟವರು ಅವರು. ಸುಳ್ಳು ಅಂದರೆ ಅವರಿಗೆ ಮೈಯೆಲ್ಲ ಉರಿ. ಒಂದು ಸಲ ಸುಳ್ಳು ಹೇಳಿದ ಪ್ರಯಾಣಿಕನನ್ನು ನಡುದಾರಿಯಲ್ಲಿ ಇಳಿಸಿ, ಹಿಂತಿರುಗಿಯೂ ನೋಡದೆ ಬಸ್ಸು ಬಿಟ್ಟಿದ್ದರಂತೆ. ತಾನು ಸುಳ್ಳು ಹೇಳಿ ಮದುವೆಯಾದವನು ಅಂತ ಗೊತ್ತಾದರೆ ಮಗಳನ್ನು ಬಂದ ರೈಲಿಗೇ ಹತ್ತಿಸಿಕೊಂಡು ಹೋಗುತ್ತಾರೆ!

ಹಾರನ್ನು, ಕೇಬಲ್ಲು ಎಲ್ಲ ಈ ಮನುಷ್ಯನ ಮುಂದೆ ನಡೆಯೋದಿಲ್ಲ. ದೊಡ್ಡದೇ ಏನಾದರೂ ಬಿಚ್ಚಬೇಕು. ಕಾರಣ್ಣ ಸ್ಪ್ಯಾನರ್ ಹಿಡಿದು ಶೆಡ್ಡಿಗೆ ನುಗ್ಗಿದ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮೂರೂ ಪೆಡಲ್ಲುಗಳನ್ನು ಚೌಕಟ್ಟಿನ ಸಮೇತ ಕಿತ್ತು ಹೊರಗೆ ಹಾಕಿದ.

"ಅಯ್ಯೋ, ಇದೇನ್ರೀ ಇವತ್ತೇ ಕಿತ್ತಾಕಿದೀರಾ?" ಹೆಂಡತಿ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು.

"ಮಾವನೋರಿಗೋಸ್ಕರಾನೇ ಕಣೇ! ಹಳೇ ಪೆಡಲ್ಲು ಕಲ್ಲಿನ ಥರ ಗಟ್ಟಿ. ಮೆತ್ತಗೆ ತುಳಿಯೋ ಅಂಥ ಹೊಸ ಸೆಟ್ಟು ಹಾಕಿಸ್ತೀನಿ. ಆದ್ರೆ ಅದು ಸಿಗೋದು ಯಾವಾಗ್ಲೋ ಏನೋ. ಹಳೇ ಗಾಡಿ ನೋಡು..."

"ಸಿಕ್ಕಿದೆ!" ಅಂತ ಗೇಟಿನ ಕಡೆಯಿಂದ ದನಿ ಬಂತು.

ಎದುರುಮನೆ ಫಿಟ್ಟರ್. ಹೆಗಲ ಮೇಲೆ ಗೋಣಿಚೀಲ, ಮುಖದ ತುಂಬ ನಗು, ಕೊರಳಲ್ಲಿ ದಾರಕ್ಕೆ ನೇತಾಡುವ ಕನ್ನಡಕ. ಆ ಕನ್ನಡಕ ಮೂಗಿನ ಮೇಲೆ ಏರಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. "ನನ್ನ ಬೆರಳಿಗೇ ಕಣ್ಣಿದೆ" ಅನ್ನೋದು ಅವನ ಜಂಬ.

"ಪೆಡಲ್ಲು ಗಟ್ಟಿ, ಪೆಡಲ್ಲು ಗಟ್ಟಿ ಅಂತ ಎಷ್ಟು ದಿನದಿಂದ ಗೋಳಾಡ್ತಿದ್ರಿ ಸ್ವಾಮೀ! ಗುಜರಿ ಅಂಗಡೀಲಿ ಸಿಕ್ತು. ಹೊಸಾದು, ಒಂದ್ಸಲಾನೂ ಯಾವ ಗಾಡಿಗೂ ಹಾಕಿಲ್ಲ. ನಿಮಗೇ ಅಂತ ತಂದಿಟ್ಟಿದ್ದೆ. ಈಗ ಸ್ಪ್ಯಾನರ್ ಸದ್ದು ಕೇಳ್ತು, ಓಡಿಬಂದೆ." ಚೀಲ ಕೊಡವಿದ. ಫಳಫಳ ಹೊಳೆಯುವ ಪೆಡಲ್ ಸೆಟ್ಟೊಂದು ನೆಲಕ್ಕೆ ಬಿತ್ತು. ಅದರ ಹಿಂದೆಯೇ ಉರುಳಿಬಂದ ಸಣ್ಣ ತಗಡಿನ ಡಬ್ಬಿಯನ್ನು ಫಿಟ್ಟರ್ ಎತ್ತಿ ಜೇಬಿಗೆ ಹಾಕಿಕೊಂಡ.

ಹಣೆಬರಹ ಕೆಟ್ಟರೆ ಒಳ್ಳೇ ನೆರೆಯವರು ಸಿಗುತ್ತಾರೆ ಅಂತ ಕಾರಣ್ಣನಿಗೆ ಆಗಲೇ ಹೊಳೆದದ್ದು.

ಸದ್ದಿಗೆ ಮೂಲೆಮನೆ ಅಜ್ಜಿಯೂ ಬಂದಳು. ಸ್ಟೂಲು ಎಳೆದುಕೊಂಡು ಕೂತು, "ಏನಪ್ಪಾ, ಕಾರು ಹೊರಡುತ್ತಾ ಇವತ್ತು? ಸಾಯೋದ್ರೊಳಗೆ ಒಂದು ಸಲ ಅದ್ರಲ್ಲಿ ಕೂರಬೇಕು ಅಂತ ಆಸೆ" ಅಂದಳು.

ಫಿಟ್ಟರ್ ಆಗಲೇ ಕಾರಿನೊಳಗೆ ಅರ್ಧ ದೇಹ ತೂರಿಸಿದ್ದ. ಈ ಆಸಾಮಿ ಊಟದ ಹೊತ್ತಿಗೆ ಕೆಲಸ ಮುಗಿಸಿಬಿಡುತ್ತಾನೆ! ಕಾರಣ್ಣನ ಕಣ್ಣು ನೆಲದ ಮೇಲೆ ಬಿದ್ದಿದ್ದ ನಟ್ಟು ಬೋಲ್ಟುಗಳ ಮೇಲೆ ಹರಿದಾಡಿತು. ಅಲ್ಲಿತ್ತು ಪಿನ್ನು. ಕಿರುಬೆರಳಿನ ಗಾತ್ರದ್ದು. ಬ್ರೇಕ್ ಪೆಡಲ್ಲಿಗೂ ಬ್ರೇಕಿಗೆ ಹೋಗುವ ಸರಳಿಗೂ ಅದೇ ಕೊಂಡಿ. ಅದಿಲ್ಲದಿದ್ದರೆ ಪೆಡಲ್ ಎಷ್ಟು ತುಳಿದರೂ ಗಾಳಿ ತುಳಿದ ಹಾಗೆ. ಬಗ್ಗಿ ಕಾಲು ಕೆರೆದುಕೊಳ್ಳುವವನಂತೆ ಮಾಡಿ ಅದನ್ನೆತ್ತಿ ಅಂಗಿಯ ಜೇಬಿಗೆ ಇಳಿಸಿದ. ಈಗ ಹುಡುಕಲಿ, ಸಂಜೆಯವರೆಗೂ ಹುಡುಕಲಿ ಅಂದುಕೊಂಡು ಮೊದಲ ಸಲ ಉಸಿರು ಬಿಟ್ಟ.

"ಸ್ವಾಮೀ, ಒಂದು ಲೋಟ ಟೀ ಸಿಗುತ್ತಾ?" ಅಂದ ಫಿಟ್ಟರ್.

"ಈಗ್ಲೇ ಮಾಡಿಸ್ಕೊಂಡು ಬಂದೆ!" ಕಾರಣ್ಣ ಹಿಗ್ಗಿನಿಂದ ಅಡುಗೆಮನೆಗೆ ಓಡಿದ. ಬೇಕಂತಲೇ ತಡಮಾಡಿ ಟೀ ತಂದರೆ, ಫಿಟ್ಟರ್ ಕೈ ಒರೆಸಿಕೊಳ್ಳುತ್ತಿದ್ದ.

"ಮುಗೀತು."

"ಏನು ಮುಗೀತು?"

"ಪೆಡಲ್ಲು. ಬ್ರೇಕಿನ ಎಣ್ಣೆನೂ ತುಂಬ್ದೆ."

"ಎ... ಎಲ್ಲಾ ಸೇರ್ತಾ? ಏನೂ ಕಮ್ಮಿ ಬೀಳ್ಲಿಲ್ವಾ?"

"ಬೆರಳಿಗೇ ಕಣ್ಣಿದೆ ಅಂತ ಹೇಳಿಲ್ವಾ? ಎಲ್ಲಾ ಸೇರ್ತು."

ಕನ್ನಡಕ ಇನ್ನೂ ಕೊರಳಲ್ಲೇ ಇದೆ! ಕುರುಡುಗಣ್ಣಿನ ಆಸಾಮಿ, ಪಿನ್ನಿಲ್ಲದೆಯೇ ಬ್ರೇಕು ಜೋಡಿಸಿ ಮುಗೀತು ಅನ್ನುತ್ತಿದ್ದಾನೆ. ಏನು ಹೇಳುವುದು, ಹೇಗೆ ಹೇಳುವುದು ಅಂತ ಬಾಯಿ ತೆರೆದ. ಅಷ್ಟರಲ್ಲಿ ಗೇಟಿನ ಹತ್ತಿರ ಆಟೋ ನಿಂತು, ಮಾವ ಇಳಿದರು.

"ಮಧ್ಯಾಹ್ನದ ರೈಲೇ ಸಿಕ್ತು, ಬಂದ್ಬಿಟ್ಟೆ. ಆಹಾ, ಲಕ್ಷ್ಮಿ ಥರ ಇಟ್ಟಿದೀರಲ್ಲ ಗಾಡೀನ! ಅಳಿಯಂದ್ರೇ, ಒಂದು ರೌಂಡು ಹೋಗಿಬರೋಣ್ವಾ?" ಅಂತ ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಕಾರಣ್ಣ ಟೀ ಲೋಟವನ್ನು ಫಿಟ್ಟರ್ ಕೈಗೆ ತುರುಕಿ ಒಂದು ಹೆಜ್ಜೆ ಹಿಂದೆ ಸರಿದ. "ಬೇಜಾರು ಮಾಡ್ಕೋಬೇಡಿ, ನಾನೇ ಓಡಿಸ್ತೀನಿ. ಕೈ ಕಡೀತಿದೆ" ಅಂದರು ಮಾವ.

ಬದುಕಿದೆಯಾ ಬಡಜೀವವೇ! ಓಡಿಸೋದು ತಾನಲ್ಲ! ಕಾರಣ್ಣ ಹಲ್ಲು ಕಿಸಿದ. ಕಿಸಿದ ಹಲ್ಲು ಹಾಗೇ ಇರುವಾಗ ಜೇಬಿನಲ್ಲಿದ್ದ ಪಿನ್ನು ಎದೆಗೆ ಒತ್ತಿತು.

"ಮಾವ, ಇವತ್ತು ಬೇಡ. ದಣಿದಿದೀರಿ. ನಾಳೆ..."

"ದಣಿವಾ? ನನಗಾ?"

ಹೆಂಡತಿ ಸೆರಗು ಸರಿಮಾಡಿಕೊಂಡು ಹಿಂದಿನ ಸೀಟಿಗೆ ಹತ್ತಿಯೇಬಿಟ್ಟಳು. ಅಜ್ಜಿಯನ್ನು ಫಿಟ್ಟರ್ ಕೈಹಿಡಿದು ಹತ್ತಿಸಿ, ತಾನೂ ಪಕ್ಕದಲ್ಲಿ ಕೂತ. ಕಾರಣ್ಣ ಮುಂದೆ, ಮಾವನ ಪಕ್ಕ. ಕೂತ ಕೂಡಲೇ ಸೀಟಿನ ಕೆಳಗಿಂದ ಸ್ಪ್ರಿಂಗಿನಂಥದ್ದೇನೋ ಚುಚ್ಚಿತು. ಅದನ್ನು ವಿಚಾರಿಸುವ ಹೊತ್ತು ಅದಾಗಿರಲಿಲ್ಲ.

ಕಾರು ಗೇಟು ದಾಟಿತು. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಹೇಳಬೇಕು. ಹೇಳಿದರೆ ಪಿನ್ನು ಜೇಬಿಗೆ ಯಾಕೆ ಬಂತು ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಿದರೆ ಕತೆ ನೇರವಾಗಿ ಮದುವೆಗೇ ಹೋಗಿ ನಿಲ್ಲುತ್ತದೆ. ಹೇಳದಿದ್ದರೆ ಐದು ಜನರ ಜೀವ.

"ಮಾವ, ಬ್ರೇಕು ಒಂದ್ಸಲ ನೋಡಿಬಿಡಿ" ಅಂದ, ದನಿ ಇಲಿಯ ದನಿಯಾಗಿತ್ತು.

"ಬ್ರೇಕಾ? ಬ್ರೇಕು ತುಳಿಯೋದು ಸೋಮಾರಿಗಳು ಅಳಿಯಂದ್ರೇ. ನಿಜವಾದ ಡ್ರೈವರು ಗೇರಲ್ಲೇ ನಿಲ್ಲಿಸ್ತಾನೆ. ಸರ್ವಿಸೆಲ್ಲ ನಾನು ಮಾಡಿದ್ದು ಹಾಗೇ." ಮಾವ ಖುಷಿಯಿಂದ ವೇಗ ಏರಿಸಿದರು. "ಆದ್ರೆ ಈ ಗಾಡೀಲಿ ಗೇರು ನಿಲ್ತಿಲ್ಲ ನೋಡಿ, ತಾನೇ ಕಳಚ್ಕೊಳ್ತಿದೆ. ಆಮೇಲೆ ನೋಡೋಣ."

ಬೀದಿಯ ಕೊನೆಯಲ್ಲಿ ಇಳಿಜಾರು. ಇಳಿಜಾರಿನ ಬುಡದಲ್ಲಿ ದೊಡ್ಡ ರಸ್ತೆ, ರಸ್ತೆಯ ತುಂಬ ಲಾರಿಗಳು. ಕಾರು ತುದಿ ದಾಟಿ ಮೂತಿ ಬಗ್ಗಿಸಿತು. ಖಟ್ ಅಂತ ಗೇರು ಕಳಚಿತು. ಗಾಳಿ ಕಿವಿಯಲ್ಲಿ ಗುಯ್ ಅಂದಿತು. ಕಾರಣ್ಣ ಕಣ್ಣು ಮುಚ್ಚಿದ, ಮುಚ್ಚಿದ ಕಣ್ಣಿನೊಳಗೂ ಲಾರಿಯೇ ಕಂಡಿತು. ಹಿಂದೆ ಕೂತ ಹೆಂಡತಿ ಏನೋ ಹೇಳಿ ನಗುತ್ತಿದ್ದಳು. ಆ ನಗು ಕೇಳಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಬ್ರೇಕಿಲ್ಲ! ಬ್ರೇಕಿಲ್ಲ ಮಾವ! ಪಿನ್ನು ನನ್ನ ಜೇಬಲ್ಲಿದೆ! ನಾನೇ ಬಚ್ಚಿಟ್ಟೆ! ನನಗೆ ಕಾರು ಓಡ್ಸೋಕೆ ಬರಲ್ಲ, ಭಯ! ಹಾರನ್ ಬಿಚ್ಚಿದ್ದೂ ನಾನೇ, ಹ್ಯಾಂಡ್‌ಬ್ರೇಕ್ ಕೇಬಲ್ ತೆಗೆದದ್ದೂ ನಾನೇ! ನಮ್ಮಪ್ಪ ಹೇಳಿದ್ದೆಲ್ಲ ಸುಳ್ಳು! ಕ್ಷಮಿಸಿಬಿಡಿ, ಎಲ್ಲರೂ ಕ್ಷಮಿಸಿಬಿಡಿ!"

"ಅಯ್ಯೋ ನನ್ನಪ್ಪಾ!" ಅಂತ ಅಜ್ಜಿ ಕಿರುಚಿದಳು. "ಸಾಯೋದ್ರೊಳಗೆ ಅಂದಿದ್ದೆ ಕಣೋ, ಇವತ್ತೇ ಅಂದಿರ್ಲಿಲ್ಲ!"

ಮಾವ ಬಲಗಾಲನ್ನು ಮೆಲ್ಲಗೆ ಒತ್ತಿದರು. ಕಾರು ಇಳಿಜಾರಿನ ನಡುವೆ, ಬೆಣ್ಣೆಯಲ್ಲಿ ಚಾಕು ನಿಂತ ಹಾಗೆ ನಿಂತಿತು. ಯಾರ ಹೊಟ್ಟೆಯಲ್ಲಿನ ನೀರೂ ಅಲ್ಲಾಡಲಿಲ್ಲ.

ಕಾರಣ್ಣ ಜೇಬಿನಿಂದ ಪಿನ್ನು ತೆಗೆದು ತೋರಿಸಿದ. ಫಿಟ್ಟರ್ ಹಿಂದಿನಿಂದ ಕೈಚಾಚಿ ಅದನ್ನು ಬೆರಳಲ್ಲಿ ಉರುಳಿಸಿ ನೋಡಿದ.

"ಇದು ಹಳೇ ಸೆಟ್ಟಿನ ಪಿನ್ನಲ್ವಾ ಸ್ವಾಮೀ! ಸವೆದುಹೋಗಿದೆ. ಹೊಸ ಸೆಟ್ಟಿಗೆ ಹೊಸ ಪಿನ್ನು ಜೊತೇಲೇ ಬಂದಿರುತ್ತೆ." ಜೇಬಿನಿಂದ ತಗಡಿನ ಡಬ್ಬಿ ತೆಗೆದು ಅಲ್ಲಾಡಿಸಿದ. ಅದು ಖಾಲಿ. "ಇದು ಗುಜರಿಗೆ ಹೋಗೋ ಸಾಮಾನು. ಇದನ್ನ್ಯಾಕೆ ಕದ್ರಿ?"

ಹೇಳದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ ಅನ್ನೋದು ಕಾರಣ್ಣನಿಗೆ ನಿಧಾನವಾಗಿ ಒಳಗಿಳಿಯಿತು.

"ಅಂದ್ರೆ, ನನ್ನ ತಂಗಿ ಮದುವೆಗೆ ನಾನು ಟೆಂಪೋದಲ್ಲಿ ಪಾತ್ರೆಗಳ ಮಧ್ಯ ಕೂತ್ಕೊಂಡು ಹೋಗಿದ್ದು ಇದಕ್ಕೇನಾ?" ಅಂದಳು ಹೆಂಡತಿ.

"ನನ್ನ ಮಗಳನ್ನ ಮದುವೆಮನೆಗೆ ಆಟೋದಲ್ಲಿ ಕರ್ಕೊಂಡು ಹೋದದ್ದು?" ಅಂದ ಫಿಟ್ಟರ್.

ಮಾವ ಹ್ಯಾಂಡ್‌ಬ್ರೇಕ್ ಎಳೆದು ನೋಡಿದರು. ಅದು ಸೊರಗಿದ ಬಾಲದ ಹಾಗೆ ಸಲೀಸಾಗಿ ಮೇಲೆ ಬಂತು, ಬಿಟ್ಟರೆ ಕೆಳಗೆ ಬಿತ್ತು. ಅವರ ಕಾಲು ಬ್ರೇಕಿನ ಮೇಲೇ ಇತ್ತು.

"ಅಳಿಯಾ." ಅಳಿಯಂದ್ರು ಹೋಗಿ ಅಳಿಯ ಆಗಿದ್ದ. "ಕೇಬಲ್ ಎಲ್ಲಿಟ್ಟಿದೀಯ?"

"ಅ... ಅಟ್ಟದ ಮೇಲೆ."

"ಸರಿ. ಈ ಕಡೆ ಜರುಗು. ನನ್ನ ಪಾದದ ಪಕ್ಕ ನಿನ್ನ ಪಾದ ಇಡು. ಒತ್ತು. ಇನ್ನೂ ಒತ್ತು. ಹಾಂ, ಹಿಡ್ಕೋ. ಬಿಟ್ರೆ ಕೆಳಗೆ ಲಾರಿ ಇದೆ."

ಅಷ್ಟು ಹೇಳಿ ಮಾವ ತಮ್ಮ ಪಾದ ತೆಗೆದು, ಬಾಗಿಲು ತೆರೆದು ಇಳಿದೇಬಿಟ್ಟರು. ಕಾರಣ್ಣ ತನಗೇ ಗೊತ್ತಾಗದ ಹಾಗೆ ಸ್ಟೇರಿಂಗ್ ಹಿಂದೆ ಬಂದು ಕೂತಿದ್ದ. ಮಂಡಿಗಳು ಬಡಿದುಕೊಳ್ಳತೊಡಗಿದವು.

ಹಿಂದಿನ ಬಾಗಿಲುಗಳೂ ತೆರೆದವು. "ನಾನು ನಡ್ಕೊಂಡೇ ಹೋಗ್ತೀನಪ್ಪ, ಮಂಡಿ ನೋವೇ ವಾಸಿ" ಅಂದಳು ಅಜ್ಜಿ.

"ಚಕ್ರಕ್ಕೆ ಒಂದು ಕಲ್ಲು ಕೊಡ್ಲಾ?" ಅಂತ ಫಿಟ್ಟರ್ ಅನುಮಾನಿಸಿದ.

"ಬೇಡ. ಅವನ ಭಯ ಇರೋದು ಕಾಲಲ್ಲಿ. ಕಾಲಿಗೆ ಕೆಲಸ ಇರ್ಲಿ. ನಾವು ಕೇಬಲ್ ತರೋಣ ಬನ್ನಿ" ಅಂದರು ಮಾವ.

"ಅಟ್ಟ ಪೂರ್ತಿ ಜಾಲಾಡಬೇಕು, ಹೊತ್ತಾಗುತ್ತೆ" ಅಂದಳು ಹೆಂಡತಿ. ಗಂಡನ ಮುಖವನ್ನೂ ನೋಡದೆ ಹೊರಟಳು.

ನಾಲ್ಕೂ ಜನ ಏರು ಹತ್ತಿ ಹೋಗುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಕಾರಣ್ಣ ಎರಡೂ ಕಾಲುಗಳನ್ನು ಒಂದೇ ಪೆಡಲ್ಲಿನ ಮೇಲೆ ಇಟ್ಟು, ಉಸಿರು ಬಿಗಿಹಿಡಿದು ಕೂತ. ಹೊಸ ಪೆಡಲ್ಲು ಮೆತ್ತಗಿತ್ತು, ಅದಕ್ಕೇ ಇನ್ನಷ್ಟು ಭಯ. ಸೀಟಿನ ಕೆಳಗಿಂದ ಆ ಸ್ಪ್ರಿಂಗು ಮತ್ತೆ ಚುಚ್ಚಿತು. ಇಷ್ಟು ವರ್ಷ ಒರೆಸಿದ ಸೀಟು, ಸ್ಪ್ರಿಂಗು ಎಲ್ಲಿಂದ ಬಂತು ಅಂತ ಯೋಚಿಸಿದ. ಯೋಚಿಸುತ್ತಿದ್ದ ಹಾಗೇ ನೆನಪಾಯಿತು.

ಸ್ಪ್ರಿಂಗಲ್ಲ. ಅಟ್ಟಕ್ಕೆ ಸುಣ್ಣ ಹೊಡೆಸಿದಾಗ, ಯಾರ ಕಣ್ಣಿಗೂ ಬೀಳದಿರಲಿ ಅಂತ ಕೇಬಲ್ಲನ್ನು ತಂದು ಈ ಸೀಟಿನ ಮೆತ್ತೆಯ ಕೆಳಗೇ ಈ ತುದಿಯಿಂದ ಆ ತುದಿಗೆ ಹಾಸಿಟ್ಟವನು ತಾನೇ! ಅದರ ಮೇಲೇ ಕೂತಿದ್ದಾನೆ. ತೆಗೆಯಬೇಕಾದರೆ ಏಳಬೇಕು. ಏಳಬೇಕಾದರೆ ಕಾಲು ತೆಗೆಯಬೇಕು.

ಹಾರನ್ ಒತ್ತಿದ. ಸದ್ದಿಲ್ಲ. ಅದನ್ನೂ ಬಿಚ್ಚಿದವನು ತಾನೇ.

"ಮಾವಾ! ಕೇಬಲ್ ಇಲ್ಲೇ ಇದೇ! ಮಾವಾ!"

ಮೇಲೆ, ತಿರುವಿನ ಹತ್ತಿರ ಅಜ್ಜಿ ನಿಂತು ಹಿಂತಿರುಗಿ ನೋಡಿದಳು. "ಏನೋ ಕೂಗ್ತಿದಾನಲ್ಲಪ್ಪ?"

"ಕೂಗ್ಲಿ ಬಿಡಿ, ಭಯ ಹೊರಗೆ ಬರ್ತಿದೆ" ಅಂದರು ಮಾವ, ಹಿಂತಿರುಗಿಯೂ ನೋಡದೆ.

ಅವರೆಲ್ಲ ತಿರುವು ದಾಟಿ ಮರೆಯಾದರು. ಅದೇ ಹೊತ್ತಿಗೆ ಹಾಲಿನ ಲಾರಿಯೊಂದು ಇಳಿಜಾರಿನಲ್ಲಿ ಬಂದು ಕಾರಿನ ಹಿಂದೆ ನಿಂತು, ದಾರಿ ಬಿಡು ಅಂತ ಹಾರನ್ ಹೊಡೆಯತೊಡಗಿತು.