ಒಂದೇ ಗುಂಡಿನ ಕೋವಿ, ಒಂದೇ ಒಂದು ಹಂದಿ

ಹಳೆಯ ಕೋವಿ ಇಟ್ಟುಕೊಂಡವನಿಗೆ ಗುಂಡಿಗಿಂತ ಹೆಚ್ಚು ಖರ್ಚಾಗುವುದು ಉತ್ತರ. ನೋಡಿದವರೆಲ್ಲ ಏನಾದರೊಂದು ಕೇಳುತ್ತಾರೆ, ನಾನು ಏನಾದರೊಂದು ಹೇಳುತ್ತೇನೆ, ಅಲ್ಲಿಗೆ ಒಂದು ಪ್ರಸಂಗ ಶುರುವಾಗುತ್ತದೆ. ರಸಾಯನಶಾಸ್ತ್ರ ಓದಿ, ಮಂಡ್ಯದ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಮಾತಾಡದ ಮಣ್ಣಿನ ಜೊತೆ ಇರುವ ನನಗೆ ಇಷ್ಟು ಮಾತು ಅಭ್ಯಾಸವಿಲ್ಲ. ಕಳೆದ ದಸರಾದಿಂದೀಚೆಗೆ ನಡೆದದ್ದನ್ನು ಬರೆದಿಟ್ಟರೆ, ಇನ್ನು ಮುಂದೆ ಕೇಳುವವರಿಗೆ ಇದನ್ನೇ ಓದಲು ಕೊಡಬಹುದು.

೧. ಸಂಗ್ರಹ

ನನ್ನದು ಹಳೆಯ ರೈಫಲ್‌ಗಳ ಸಂಗ್ರಹ. ಅದರಲ್ಲಿ ಎರಡು ರೈಫಲ್ ಇವೆ. ಒಬ್ಬರು ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಕಾನೂನು ಒಪ್ಪುವುದಿಲ್ಲ. ಹಾಗಾಗಿ ಸಂಗ್ರಹ ಶುರುವಾದ ವರ್ಷವೇ ಪೂರ್ಣಗೊಂಡಿತು.

ಎರಡೂ ಪಾಯಿಂಟ್ ಟೂ ಟೂ, ಅಂದರೆ ಪೆನ್ಸಿಲ್ಲಿಗಿಂತ ಸಣ್ಣ ಗುಂಡಿನವು. ನಳಿಗೆಯ ಹಿಂದಿನ ಬಾಗಿಲು ತೆಗೆದು, ಸಣ್ಣದೊಂದು ತೋಟಾವನ್ನು ಕೈಯಿಂದಲೇ ಇಟ್ಟು, ಮುಚ್ಚಿ ಹೊಡೆಯಬೇಕು. ತೋಟಾದ ತಳದ ಅಂಚಿಗೆ ಪೆಟ್ಟು ಬಿದ್ದರೆ ಮದ್ದು ಹತ್ತಿಕೊಳ್ಳುತ್ತದೆ. ಇನ್ನೊಂದು ಹೊಡೆಯಬೇಕೆಂದರೆ ಮತ್ತೆ ಮೊದಲಿನಿಂದ. ಅವಸರದ ಮನುಷ್ಯನಿಗೆ ಆಗಿಬರದ ವಸ್ತು. ನನಗೆ ಸರಿಹೊಂದಿತು.

ಒಂದನ್ನು ಮೈಸೂರಿನ ನಿವೃತ್ತ ಡ್ರಿಲ್ ಮೇಷ್ಟರೊಬ್ಬರಿಂದ ಕೊಂಡೆ. ಅದು ಕಾಗದದ ಗುರಿಯನ್ನು ಬಿಟ್ಟು ಬೇರೇನನ್ನೂ ಹೊಡೆದದ್ದಲ್ಲ. ಇನ್ನೊಂದು ತಾತನದು. ಅದು ತಾತನಿಗಿಂತ ಹಿರಿಯದು. ನಮ್ಮೂರು ನಿಡಘಟ್ಟದ ಹತ್ತಿರ. ಊರಿನಲ್ಲಿ ಆ ಕೋವಿಗೆ ಒಂದು ಕಥೆ ಇದೆ. ಅವ್ವ ಮದುವೆಯಾಗಿ ಬರುವುದಕ್ಕೂ ಮೊದಲು ಕಬ್ಬಿನ ಗದ್ದೆಗೆ ನುಗ್ಗಿದ ಕಾಡುಹಂದಿಯನ್ನು ತಾತ ಒಂದೇ ಗುಂಡಿಗೆ ಉರುಳಿಸಿದರಂತೆ. ಇಷ್ಟು ಸಣ್ಣ ಗುಂಡಿಗೆ ಅಷ್ಟು ದೊಡ್ಡ ಹಂದಿ ಬೀಳುವುದು ಕಷ್ಟ ಎಂದು ಲೆಕ್ಕ ಹೇಳುತ್ತದೆ. ಆದರೆ ತಾತನ ಮುಂದೆ ಲೆಕ್ಕ ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ತಾತನಿಗೆ ವಯಸ್ಸಾಯಿತೆಂದು ಲೈಸೆನ್ಸು ನನ್ನ ಹೆಸರಿಗೆ ಬಂತು. ಅದೇ ಸಮಯಕ್ಕೆ ಅಕ್ಕ ಬಸುರಿ ಎಂಬ ಸುದ್ದಿಯೂ ಬಂತು. ಬಾಣಂತನ ನಮ್ಮ ಮನೆಯಲ್ಲೇ. ಅವ್ವ ತೀರ್ಪು ಕೊಟ್ಟಳು.

“ಮೇಷ್ಟ್ರು ಕೋವಿ ಇರ್ಲಿ. ಅದು ಕಾಗ್ದ ಒಡ್ದಿರದು. ಇದು ಪ್ರಾಣ ತೆಗ್ದೈತೆ. ಮಗು ಬರೋ ಮನೇಲಿ ಇರಕೂಡ್ದು. ಅಕ್ಕ ಬರೋದ್ರೊಳಗೆ ಸ್ಟೇಷನ್ನಿಗೆ ಕೊಟ್ಬುಡು.”

ತಾತ ಕೋವಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಅವರ ಅಪ್ಪನಿಂದ ಬಂದ ವಸ್ತುವೆಂದು ಮನೆಯಲ್ಲಿ ಉಳಿದದ್ದು ಅದೊಂದೇ. ಆಮೇಲೆ ಹೇಳಿದರು: “ಆಗ್ಲಿ ಕಣವ್ವ. ಆದ್ರೆ ಹಿಂಗೇ ತುಕ್ಕು ಇಡ್ದಿರೋದ್ನ ಕಳ್ಸಬ್ಯಾಡ. ಮಗಳ್ನ ಅರ್ದೋಗಿರೋ ಸೀರೇಲಿ ಕಳುಸ್ತಾರಾ? ರಿಪೇರಿ ಮಾಡ್ಸಿ ಕೊಡಾನ.”

ಅವ್ವ ಒಪ್ಪಿದಳು. “ಮಾಡ್ಸಿ. ಆದ್ರೆ ಮಾವ, ಸೀರೆ ನೇಯೋಗಂಟ ಕಾಯಕ್ಕಿಲ್ಲ ನಾನು.”

೨. ಅರಿಶಿನ

ಮೊದಲ ಕೆಲಸ ನಳಿಗೆ ಶುಚಿ ಮಾಡುವುದು. ಹಿಂದಿನಿಂದ ಕಣ್ಣಿಟ್ಟು ನೋಡಿದೆ. ಬೆಳಕು ಕಾಣಲಿಲ್ಲ. ಟಾರ್ಚು ಬಿಟ್ಟೆ. ಆಗಲೂ ಕಾಣಲಿಲ್ಲ.

ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಮಚ್ಚು, ಕುಡುಗೋಲು, ಮಿಕ್ಸಿ ಎಲ್ಲದರ ಜೊತೆ ಕೋವಿಗೂ ಪೂಜೆ. ಪೂಜೆ ಮಾಡುವವಳು ಅವ್ವ. ಮಿಕ್ಸಿಗೆ ಒಂದು ಬೊಟ್ಟು ಇಟ್ಟರೆ ಕೋವಿಗೆ ಮಾತ್ರ ಮನಸ್ಸು ತೃಪ್ತಿಯಾಗುವಷ್ಟು.

ಕಡ್ಡಿಗೆ ಎಣ್ಣೆಬಟ್ಟೆ ಸುತ್ತಿ ನೂಕಿದೆ. ಮೊದಲು ಹಳದಿ ಬಂತು, ಆಮೇಲೆ ಕೆಂಪು, ಆಮೇಲೆ ಬೂದಿ. ಮತ್ತೆ ಹಳದಿ, ಮತ್ತೆ ಕೆಂಪು. ಪ್ರತಿ ವರ್ಷದ ದಸರಾ ಪದರ ಪದರವಾಗಿ ಕೂತಿತ್ತು. ಲ್ಯಾಬಿನ ಅಭ್ಯಾಸದಂತೆ ಬಟ್ಟೆಯ ಚೂರುಗಳನ್ನು ಬಂದ ಕ್ರಮದಲ್ಲೇ ಜಗುಲಿಯ ಮೇಲೆ ಜೋಡಿಸಿದೆ. ಕೊನೆಗೆ ಅಕ್ಷತೆಯ ಅಕ್ಕಿಯೂ ಬಿತ್ತು. ಅದೆಲ್ಲದರ ಕೆಳಗೆ ನಳಿಗೆಯ ಒಳಗಿನ ಸುರುಳಿ ಗೀರುಗಳು ಹೊಸದರಂತೆ ಚೂಪಾಗಿದ್ದವು. ತಾತ ಎಷ್ಟು ಜೋಪಾನ ಮಾಡಿದ್ದಾರೆ ಎಂದು ಆಶ್ಚರ್ಯವಾಯಿತು.

ಅವ್ವ ಬಂದು ಜಗುಲಿ ನೋಡಿದಳು. “ಅಯ್ಯೋ, ಎಲ್ಲಾನೂ ತೆಗ್ದ್ಬುಟ್ಟಾ?”

“ಗುಂಡು ಹೋಗೋಕೆ ದಾರಿ ಬೇಕಲ್ಲವ್ವ.”

“ಓಗ್ಬಾರ್ದು ಅಂತ್ಲೇ ಕಣ್ಲಾ ನಾನು ವರ್ಸ ವರ್ಸ ತುಂಬ್ತಿದ್ದದ್ದು!”

೩. ಕಿರುಗಾವಲು ಬಸ್ಸು

ಕೋವಿಯನ್ನು ಎರಡು ಭಾಗ ಮಾಡಿದೆ. ಮರದ ಹಿಡಿಯನ್ನು ಮಳವಳ್ಳಿಯ ಆಚಾರಿಯೊಬ್ಬರಿಗೆ ಕೊಟ್ಟೆ. ಬಿರುಕು ಮುಚ್ಚಿ, ಅಗಸೆ ಎಣ್ಣೆ ಕುಡಿಸಿ ಕೊಡಿ ಎಂದೆ. ಕಬ್ಬಿಣದ ಭಾಗವನ್ನು ಮೈಸೂರಿನಲ್ಲಿ ಲೈಸೆನ್ಸು ಇರುವ ಕೋವಿ ರಿಪೇರಿಯವರಿಗೆ ಕೊಟ್ಟೆ. ಅವರು ಹಳೆಯ ಸ್ಪ್ರಿಂಗ್ ಬದಲಾಯಿಸಿ, ಎಲ್ಲ ಪರೀಕ್ಷಿಸಿ, ಸರಿಯಿದೆ ಎಂದು ವಾಪಸು ಕೊಟ್ಟರು.

ಅದನ್ನು ಉದ್ದನೆಯ ಬಟ್ಟೆ ಚೀಲಕ್ಕೆ ಹಾಕಿ, ಕಾಗದಪತ್ರ ಜೇಬಿನಲ್ಲಿಟ್ಟುಕೊಂಡು, ಕಿರುಗಾವಲು ಮೇಲೆ ಮಳವಳ್ಳಿಗೆ ಹೋಗುವ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೋವಿಯ ಮಾತು ಎತ್ತಬಾರದು ಎಂಬುದು ನಾನೇ ಮಾಡಿಕೊಂಡ ನಿಯಮ. ಪಕ್ಕದಲ್ಲಿ ಕೂತ ಯಜಮಾನರೊಬ್ಬರು ಚೀಲವನ್ನು ಮೇಲಿಂದ ಕೆಳಗೆ ನೋಡಿದರು.

“ಯಾವೂರ್ನಲ್ಲಿ ಮದ್ವೆ?”

ನನಗೆ ಅರ್ಥವಾಗಲಿಲ್ಲ. “ಮದುವೆಗಲ್ಲ, ಮಳವಳ್ಳಿಗೆ.”

“ಓ, ಗೃಹಪ್ರವೇಸ. ಅಲ್ಲೂ ವಾಲಗ ಊದಿಸ್ತಾರೆ ಈಗ.” ಹಿಂದಿನ ಸೀಟಿನ ಕಡೆ ತಿರುಗಿ ಹೇಳಿದರು: “ನೋಡಮ್ಮಿ, ಎಷ್ಟು ಚಿಕ್ಕೋನು, ಆಗ್ಲೇ ವಾಲಗದೋನು.”

ಹಿಂದಿನ ಸೀಟಿನಲ್ಲಿದ್ದ ಅವರ ಹೆಂಡತಿ ಮುಂದೆ ಬಾಗಿದರು. “ನಮ್ಮ ಮಗಳ ಮದ್ವೆ ಐತೆ ಕಣಪ್ಪ, ಬಂದು ಊದ್ಕೊಟ್ಟೋಗು. ಚೆನ್ನಾಗಿ ಊದ್ತೀಯಾ?”

ಸುಳ್ಳು ಹೇಳಬಾರದು, ನಿಜವನ್ನೂ ಹೇಳುವಂತಿಲ್ಲ. “ಇದು ಒಂದು ಸಲಕ್ಕೆ ಒಂದೇ ಸದ್ದು ಮಾಡುತ್ತಮ್ಮ” ಎಂದೆ.

ಆಕೆ ಗಂಡನಿಗೆ ಹೇಳಿದರು: “ಬ್ಯಾಡ ಬುಡಿ. ಇನ್ನೂ ಕಲೀತಾವ್ನೆ.”

೪. ಗಿಣಿ

ಮಳವಳ್ಳಿಯ ಆಚಾರಿ ಬಾಗಿಲು, ಮಂಟಪ, ಮಂಚಗಳ ಕೆತ್ತನೆಗೆ ಹೆಸರಾದವರು. ಮರದ ಹಿಡಿಯನ್ನು ಹೊಸ ಪಂಚೆಯಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟರು. ಬಿರುಕು ಎಲ್ಲಿತ್ತೆಂದು ಹುಡುಕಿದರೂ ಸಿಗಲಿಲ್ಲ. ಎಣ್ಣೆ ಒಳಗಿಳಿದು ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ಕೆನ್ನೆ ಒರಗಿಸುವ ಜಾಗದಲ್ಲಿ ಎರಡು ಗಿಣಿಗಳು ಎದುರುಬದುರು ಕೂತಿದ್ದವು.

“ಆಚಾರ್ರೇ, ಇದು ಏನು?”

“ಗಿಣಿ.”

“ನಾನು ಹೇಳಿರಲಿಲ್ಲವಲ್ಲ.”

“ನೀವು ಯೋಳಕ್ಕಿಲ್ಲ ಅಂತ ಗೊತ್ತಿತ್ತು. ಓದಿರೋರಿಗೆ ಕೇಳಕ್ಕೆ ನಾಚ್ಕೆ. ಮರಾನ ಖಾಲಿ ಬುಡಬಾರ್ದು ಬುದ್ದಿ, ವಿಧವೆ ಅಣೆ ಇದ್ದಂಗೆ ಕಾಣ್ತದೆ.”

“ಅಲ್ಲ, ಗುಂಡು ಹೊಡೆಯುವ ಕೋವಿಯ ಮೇಲೆ ಗಿಣಿ ಯಾಕೆ? ಸಿಂಹವೋ ಹುಲಿಯೋ ಆಗಿದ್ದರೂ ಒಂದು ಅರ್ಥವಿತ್ತು.”

ಆಚಾರಿ ಉಳಿ ಕೆಳಗಿಟ್ಟು ನನ್ನನ್ನು ಕರುಣೆಯಿಂದ ನೋಡಿದರು. “ಸಿಂಹ ಕೆತ್ತುದ್ರೆ ಕೋವಿ ನೋಡ್ದೋರು ಎದುರ್ಕಂತಾರೆ ಬುದ್ದಿ. ನಾವು ಮಾಡೋ ಸಾಮಾನು ಯಾರ್ನೂ ಎದುರಿಸಬಾರ್ದು.”

ಅದರ ಮಾರನೆಯ ವಾರ ಎರಡೂ ಭಾಗ ಜೋಡಿಸಿ, ಮಂಡ್ಯದ ಹೊರಗಿರುವ ನಮ್ಮ ರೈಫಲ್ ಕ್ಲಬ್ಬಿನ ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಬಯಲಿನಲ್ಲಿ, ಹೊಡೆದು ನೋಡಿದೆ. ಗುಂಡುಗಳು ಮೊದಲು ಬಲಕ್ಕೆ ಬಿದ್ದವು. ಹಿಂದಿನ ಗುರಿಕಿಂಡಿಯನ್ನು ಕೂದಲೆಳೆಯಷ್ಟು ಸರಿಸಿದೆ. ಆಮೇಲೆ ಬಿದ್ದ ತೂತುಗಳನ್ನೆಲ್ಲ ಒಂದು ರೂಪಾಯಿ ನಾಣ್ಯ ಮುಚ್ಚುತ್ತಿತ್ತು. ಕೋವಿಯ ಬಗ್ಗೆ ಇನ್ನು ಯಾರೂ ಏನೂ ಹೇಳುವಂತಿರಲಿಲ್ಲ. ಸಂಜೆ ಮನೆಗೆ ಬಂದಾಗ ಅವ್ವ ಮಾತ್ರ ಕೇಳಿದಳು: “ಅದ್ಯಾಕ್ಲಾ ನಿನ್ ಕೆನ್ನೆ ಮೇಲೆ ಗಿಣಿ ಕೂತೈತೆ?”

೫. ಠಾಣೆ

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಬಂದರೆ ಊರ ಕೋವಿಗಳೆಲ್ಲ ಠಾಣೆಗೆ ಹೋಗಬೇಕು. ಮುಗಿದ ಮೇಲೆ ವಾಪಸು. ಠಾಣೆಯ ಮುಂದೆ ರೈತರೆಲ್ಲ ಹೆಗಲ ಮೇಲೆ ಕೋವಿ ಇಟ್ಟುಕೊಂಡು ಸಾಲಾಗಿ ನಿಂತು ಕಬ್ಬಿನ ಕಟಾವಿನ ಮಾತಾಡುತ್ತಿದ್ದರು. ದೂರದಿಂದ ನೋಡಿದವರಿಗೆ ದಂಗೆ ಎದ್ದಂತೆ ಕಾಣುತ್ತಿತ್ತು.

ತಾತ ನನ್ನ ಜೊತೆ ಬಂದಿದ್ದರು. ಹೊಸದಾಗಿ ಬಂದಿದ್ದ ಕಾನ್‌ಸ್ಟೇಬಲ್ ಕೋವಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: “ಗುಂಡು ತುಂಬೋ ಡಬ್ಬಿ ಎಲ್ಲಿ?”

“ಇದಕ್ಕೆ ಇಲ್ಲ ಸರ್. ಒಂದು ಸಲಕ್ಕೆ ಒಂದೇ ಗುಂಡು.”

“ಒಂದೇನಾ? ಹಂದಿ ಮೈಮೇಲೆ ಬಂದಾಗ ಗುರಿ ತಪ್ಪಿದ್ರೆ ಏನ್ರೀ ಮಾಡ್ತೀರಾ?”

ನಾನು ಉತ್ತರ ಹುಡುಕುವ ಮೊದಲೇ ತಾತ ಹೇಳಿದರು: “ಓಡ್ಬೇಕು ಸ್ವಾಮಿ. ಅದ್ಕೇ ಈ ಕೋವಿನ ಅಗುರವಾಗಿ ಮಾಡವ್ರೆ.”

ಚುನಾವಣೆ ಮುಗಿಯಿತು. ಅವ್ವ ನನ್ನ ಫೋನಿನಿಂದಲೇ ಠಾಣೆಗೆ ಮಾತಾಡಿದಳು. “ಸಾಮಿ, ನಮ್ ಮಾವನ ಕೋವಿ ಹೆಂಗೂ ಅಲ್ಲೇ ಐತಲ್ಲ, ಅಲ್ಲೇ ಇಟ್ಕಬುಡಿ.”

ಹಾಗಾಗುವುದಿಲ್ಲ, ಮೊದಲು ತೆಗೆದುಕೊಂಡು ಹೋಗಿ, ಬೇಡವಾದರೆ ಅರ್ಜಿ ಬರೆದು ಮತ್ತೆ ತಂದು ಕೊಡಿ ಎಂದರು ಅದೇ ಕಾನ್‌ಸ್ಟೇಬಲ್. ಅವ್ವ ಬಿಡಲಿಲ್ಲ. ಕೊನೆಗೆ ಅವರ ತಾಳ್ಮೆ ಮುಗಿಯಿತು. “ಇದು ಸ್ಟೇಷನ್ನು ಕಣಮ್ಮ! ಬಂದೋರು ಇಲ್ಲೇ ಇದ್ಬುಡಕ್ಕೆ ತವರು ಮನೆಯಾ?”

೬. ಗುರಿ

ಅಕ್ಕ ಬರುವ ವಾರ ಬಂದೇಬಿಟ್ಟಿತು. ಕೋವಿ ಠಾಣೆಯಿಂದ ವಾಪಸು ಬಂದು, ಅದನ್ನು ಒಪ್ಪಿಸುವ ಅರ್ಜಿಯನ್ನೂ ಬರೆದಾಯಿತು. ಕೊಡುವ ಮೊದಲು ತಾತ ಕೊನೆಯದಾಗಿ ಒಂದು ಗುಂಡು ಹೊಡೆಯಲಿ ಎಂದು ನನಗೆ ಆಸೆ. ಹೇಳಿದ ದಿನವೇ ತಾತನಿಗೆ ಮಂಡಿ ನೋವು ಬಂತು. ಮಂಡಿ ಸರಿಯಾದಾಗ ರಾಹುಕಾಲ ಬಂತು. ಅಗಲಿಕೆಯ ಸಂಕಟ ಎಂದುಕೊಂಡೆ. ಒಂದು ಬೆಳಿಗ್ಗೆ ಕಾರು ತಂದು ನಿಲ್ಲಿಸಿ, ಹತ್ತಿಸಿಯೇ ಬಿಟ್ಟೆ. ರೇಂಜಿನಿಂದ ನೇರ ಠಾಣೆಗೆ ಹೋಗುವ ಯೋಜನೆ. ನಾವು ದಾರಿಯಲ್ಲಿ ಮನಸ್ಸು ಬದಲಾಯಿಸದಂತೆ ನೋಡಿಕೊಳ್ಳಲು ಅವ್ವನೂ ಬಂದಳು.

ರೇಂಜಿನ ಉಸ್ತುವಾರಿ ನಿವೃತ್ತ ಸೈನಿಕರು. ಒಂದೇ ಗುಂಡಿಗೆ ಹಂದಿ ಉರುಳಿಸಿದವರು ಎಂದು ಕೇಳಿ ತಾತನಿಗೆ ಸೆಲ್ಯೂಟ್ ಹೊಡೆದರು. ಕುರ್ಚಿ, ಮೇಜು, ಕೋವಿಗೆ ಆಸರೆಯಾಗಿ ಮರಳಿನ ಚೀಲ, ಎಲ್ಲ ಸಿದ್ಧ ಮಾಡಿದರು. ತಾತ ದೂರದ ಕಾಗದವನ್ನು ನೋಡಿ ಕೇಳಿದರು: “ಅದೇನು ನಮ್ ಕಬ್ಬು ತಿಂದೈತಾ? ಪಾಪ, ಯಾಕ್ ಒಡೀಬೇಕು?”

“ಸುಮ್ನೆ ಒಡೀರಿ ಮಾವ” ಎಂದಳು ಅವ್ವ. ಸೆರಗಿನಿಂದ ಕಿವಿ ಮುಚ್ಚಿಕೊಂಡು ಆ ಕಡೆ ತಿರುಗಿ ನಿಂತಳು.

ತಾತ ಕೂತರು. ಬೆನ್ನು ನೆಟ್ಟಗೆ, ಕೆನ್ನೆ ಗಿಣಿಯ ಮೇಲೆ, ಮೊಣಕೈ ಮೇಜಿನ ಮೇಲೆ. ನೋಡುವುದಕ್ಕೆ ಅಷ್ಟು ಚೆನ್ನಾಗಿ ಕೂತವರನ್ನು ನಾನು ಕ್ಲಬ್ಬಿನಲ್ಲೇ ಕಂಡಿಲ್ಲ. ಎಲ್ಲರೂ ಕಾದೆವು. ಗುಂಡು ಹಾರಲಿಲ್ಲ. ಇನ್ನೂ ಕಾದೆವು. ಉಸ್ತುವಾರಿಯವರು ನನ್ನ ಕಿವಿಯಲ್ಲಿ “ಎಂಥಾ ತಾಳ್ಮೆ!” ಎಂದರು.

ಆಗ ತಾತ ತುಟಿ ಅಲುಗಿಸದೆ ನನ್ನನ್ನು ಕೇಳಿದರು: “ಲೋ ಮಗ, ಒಂದು ಕಣ್ಣು ಮುಚ್ಕಬೇಕಾ, ಎಲ್ಡೂನಾ?”

ಉಸ್ತುವಾರಿಯವರು ಮೆಲ್ಲನೆ ಕೋವಿಯನ್ನು ತಾತನ ಕೈಯಿಂದ ಬಿಡಿಸಿ, ತೋಟಾ ಹೊರತೆಗೆದು, ಮೇಜಿನ ಮೇಲಿಟ್ಟರು. ಸೆರಗಿನೊಳಗಿನ ಕಿವಿಗೂ ಮಾತು ಮುಟ್ಟಿತ್ತು. ಅವ್ವ ಈ ಕಡೆ ತಿರುಗಿದಳು.

“ಮಾವ, ನೀವು ಯಾವತ್ತೂ ಇದನ್ನ ಒಡ್ದೇ ಇಲ್ವಾ?”

“ನಮ್ಮಪ್ಪ ಮುಟ್ಟಕ್ಕೆ ಬುಡ್ತಿರಲಿಲ್ಲ. ಅವ್ನು ತೀರ್ಕಂಡ್ಮೇಲೆ ಎಂಗೆ ಒಡ್ಯೋದು ಅಂತ ಕೇಳಕ್ಕೆ ಯಾರೂ ಇರಲಿಲ್ಲ.”

“ಊರೋರೆಲ್ಲ ಸದ್ದು ಕೇಳುದ್ರಂತಲ್ಲ?”

“ಅಂದಿ ಓಡ್ಸಕ್ಕೆ ನಾನು ಸಿಡ್ಸಿದ್ದ ಪಟಾಕಿ ಕಣವ್ವ.”

“ಮತ್ತೆ ಆ ಅಂದಿ? ಬಿದ್ದಿತ್ತಂತಲ್ಲ!”

“ಬಿದ್ದಿತ್ತು.” ತಾತ ತಲೆ ತಗ್ಗಿಸಿದರು. “ಮೈಸೂರು ರಸ್ತೇಲಿ ಲಾರಿ ಗುದ್ದಿತ್ತು. ಪಕ್ದಲ್ಲೇ ನಾನು ಕೋವಿ ಇಡ್ಕೊಂಡು ನಿಂತಿದ್ದೆ. ಬಂದೋರು ಅವ್ರೇ ಕಥೆ ಕಟ್ಟುದ್ರು. ಅಷ್ಟು ಖುಸಿಯಾಗಿದ್ರು, ಇಲ್ಲ ಅನ್ನಕ್ಕೆ ಮನ್ಸು ಬರ್ಲಿಲ್ಲ.”

ಅವ್ವ ಬೆಂಚಿನ ಮೇಲೆ ಕೂತಳು. ಸೆರಗು ಬಾಯಿಗೆ ಹೋಯಿತು. ಅಳುತ್ತಿದ್ದಾಳೆಂದು ಉಸ್ತುವಾರಿಯವರು ನೀರು ತಂದರು. ಅವಳು ನಗುತ್ತಿದ್ದಳು. ನೀರು ಕುಡಿದು, ಕಣ್ಣೊರೆಸಿಕೊಂಡು, ನನ್ನ ಜೇಬಿನಿಂದ ಅರ್ಜಿ ತೆಗೆದು ನಾಲ್ಕು ಚೂರು ಮಾಡಿದಳು.

“ನಡೀರಿ ಮನೆಗೆ. ನಮ್ಮನೆ ಒನಕೆನಾದ್ರೂ ಒಂದೆರಡು ಇಲಿ ಸಾಯ್ಸೈತೆ. ಇದು ಅಷ್ಟೂ ಮಾಡಿಲ್ಲ. ಇರ್ಲಿ ಬುಡಿ, ಮಗು ಜೊತೆ ಇದೂ ಒಂದು ಕೂಸು.”

ಕಾರಿನಲ್ಲಿ ತಾತ ಕೋವಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮದ್ದೂರು ದಾಟುವವರೆಗೆ ಅವ್ವ ತಡೆದುಕೊಂಡಳು. ಆಮೇಲೆ ಕೇಳಿಯೇಬಿಟ್ಟಳು: “ಅಲ್ಲ ಮಾವ, ಒಡ್ಯಕ್ಕೇ ಬರ್ದೆ, ಅಷ್ಟು ವರ್ಸ ಆ ಅಂದಿಗಳ ಮುಂದೆ ಯಾವ ಧೈರ್ಯದ ಮೇಲೆ ಗದ್ದೆ ಕಾದ್ರಿ?”

ತಾತ ಕಿಟಕಿಯಿಂದ ಹೊರಗೆ ನೋಡುತ್ತಲೇ ಹೇಳಿದರು: “ನಂಗೆ ಒಡ್ಯಕ್ಕೆ ಬರಕ್ಕಿಲ್ಲ ಅಂತ ಅಂದಿಗೇನ್ ಗೊತ್ತಿತ್ತವ್ವ?”