ಪುಟ್ಟಿಯ ಹೊಟ್ಟೆಗೊಂದು ಟವಲು

ನಾನು ಯಾರ ಮುಂದೆಯೂ ಬೆನ್ನು ಬಗ್ಗಿಸಿದವನಲ್ಲ ಎಂದು ಹೇಳಿಕೊಳ್ಳುವ ಚಟ ನನಗೆ ಬಹಳ ಕಾಲದಿಂದ ಇತ್ತು. ಅರಸೀಕೆರೆಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನಿಗೆ ಅಷ್ಟು ಜಂಬ ಇರಬೇಕಾದದ್ದೇ. ನಿವೃತ್ತನಾಗಿ ಹಳೇಬೀಡಿಗೆ ಬಂದು ನೆಲೆಸಿದ ಮೇಲೆ ಆ ಜಂಬ ಇಳಿಸಿದವಳು ಪುಟ್ಟಿ. ಪುಟ್ಟಿ ನಮ್ಮ ನಾಯಿ. ಮೈ ಉದ್ದ, ಕಾಲು ಗಿಡ್ಡ.

ಒಂದು ಬೆಳಿಗ್ಗೆ ಮಂಚದಿಂದ ಹಾರಿದ್ದೇ ತಡ, ಅವಳ ಹಿಂಗಾಲು ಎರಡೂ ಸ್ವಾಧೀನ ತಪ್ಪಿದವು. ಬೆಂಗಳೂರಿಗೆ ಒಯ್ದು ಬೆನ್ನುಮೂಳೆಯ ಆಪರೇಷನ್ ಮಾಡಿಸಿದೆವು. "ಕಾಲು ಬರಬಹುದು, ಬರದೆಯೂ ಇರಬಹುದು. ಹೊಟ್ಟೆಯ ಕೆಳಗೆ ಟವಲು ಹಾಕಿ, ಹಿಂಭಾಗ ಎತ್ತಿ ಹಿಡಿದು ದಿನಕ್ಕೆ ಎರಡು ಸಲ ನಡೆಸಿ" ಎಂದರು ಡಾಕ್ಟರು. ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ನನ್ನ ತೊಡೆಯ ಮೇಲೆ ಮಲಗಿದ್ದಳು. ನನ್ನ ಹೆಂಡತಿ ಗಿರಿಜಾ ಅವಳ ತಲೆ ಸವರುತ್ತ ಕೂತಿದ್ದಳು. ನಾನು ಕಣ್ಣಿಗೆ ಧೂಳು ಬಿತ್ತೆಂದು ಮೂರು ಸಲ ಹೇಳಿದೆ. ಕಾರಿನ ಗಾಜೆಲ್ಲ ಮುಚ್ಚಿತ್ತು.

ಪುಟ್ಟಿಯ ಎತ್ತರ ಒಂದು ಗೇಣು, ನನ್ನದು ಆರಡಿ. ಟವಲಿನ ಎರಡು ತುದಿ ಹಿಡಿದು, ನಡು ಮಡಿಸಿ ಬೀದಿಗಿಳಿದೆ. ಊರ ಹುಡುಗರಿಗೆಲ್ಲ "ಲೆಫ್ಟ್ ರೈಟ್" ಎಂದು ಅಬ್ಬರಿಸಿದ್ದ ಗಂಟಲಿನಲ್ಲೇ "ಎಡಗಾಲು ಇಡಮ್ಮ, ಬಂಗಾರ" ಎಂದು ಬೇಡಿಕೊಂಡೆ. ಬಂಗಾರ ಇಡಲಿಲ್ಲ. ಹಾಲು ಹಾಕುವ ರಂಗಪ್ಪ ದೂರದಿಂದಲೇ ಸೈಕಲ್ಲು ನಿಲ್ಲಿಸಿ, "ಏನ್ ಮೇಷ್ಟ್ರೇ, ನೆಲ ನೋಡ್ಕಂಡು ಹೋಯ್ತಾ ಇದೀರಿ, ಏನಾದ್ರೂ ಕಳ್ಕಂಡ್ರಾ?" ಎಂದ. ಹತ್ತಿರ ಬಂದು, "ಓ, ಕೆಳಗೆ ನಾಯಿ ಐತೆ!" ಎಂದ.

ಐದನೆಯ ವಾರ ಹಿಂಗಾಲಿನ ಬೆರಳು ಅಲುಗಿತು. ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡೆ. ಆದರೆ ಅಲ್ಲಿಂದ ಮುಂದಕ್ಕೆ ಏನೂ ಇಲ್ಲ. ಟವಲು ಒಂಚೂರು ಸಡಿಲಿಸಿದರೆ ಸಾಕು, ಕುಸಿದು ಕೂತು ನನ್ನ ಮುಖ ನೋಡುತ್ತಿದ್ದಳು. ಆ ಕಣ್ಣು ನೋಡಿದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಇನ್ನು ಇವಳ ಕಾಲು ಬರುವುದಿಲ್ಲವೆಂದೇ ಅಂದುಕೊಂಡೆ.

ಒಂದು ದಿನ ಬೇಲೂರಿಗೆ ಹೊರಟವನು ಕನ್ನಡಕ ಮರೆತು, ಬಸ್‌ಸ್ಟಾಪಿನಿಂದ ವಾಪಸು ಬಂದೆ. ಪುಟ್ಟಿ ನಾಲ್ಕೂ ಕಾಲಿನ ಮೇಲೆ, ಕೊಂಚ ಓಲಾಡುತ್ತ, ದೋಸೆಯ ವಾಸನೆ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದಳು. ತಿರುಗಿ ನನ್ನನ್ನು ಕಂಡಳು. ತಟ್ಟನೆ ಅಲ್ಲೇ ಕುಸಿದಳು.

"ಎಷ್ಟು ದಿನದಿಂದ ಇದು?" ಎಂದೆ. ಸಂತೋಷಕ್ಕೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ್ದೆ.

"ಹತ್ತು ದಿನ ಆಯ್ತು ಕಣ್ರೀ" ಎಂದಳು ಗಿರಿಜಾ, ದೋಸೆ ಮಗುಚುತ್ತ.

"ಹೇಳಬಾರದಿತ್ತೇನೇ?"

"ಹೇಳೋಣ ಅಂತಲೇ ಇದ್ದೆ. ನಿಮ್ಮ ಡಾಕ್ಟ್ರು ಎಷ್ಟು ಬಡ್ಕೊಂಡ್ರೂ ವಾಕಿಂಗ್ ಹೋಗದವರು, ಈಗ ಎರಡು ಹೊತ್ತೂ ಹೋಗ್ತಿದ್ರಿ. ಶುಗರ್ ಇಳೀಲಿ ಅಂತ ಸುಮ್ನಿದ್ದೆ."

ಬೇಲೂರಿನ ಬಸ್ಸು ಹೊರಟುಹೋಗಿತ್ತು. ಪುಟ್ಟಿ ನೆಲದಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಟವಲು ತರಲು ಹೋದೆ.